ಹೊಗೆ ತಿನ್ನುವ ಎದೆಗೆ ಒಲೆಯಲ್ಲೇ ಮದ್ದು

ಬೀಡಿ, ಸಿಗರೇಟು ಮುಟ್ಟದವರಿಗೂ ಧೂಮಪಾನಿಗಳ ಕಾಯಿಲೆ ಬರುವುದುಂಟೆ? ಖಂಡಿತ ಉಂಟು. ವರ್ಷಗಟ್ಟಲೆ ಕೆಮ್ಮು, ಬೆಳಗಿನ ಹೊತ್ತು ಕಫ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಎಂದು ವೈದ್ಯರ ಬಳಿ ಬರುವ ನಡುವಯಸ್ಸಿನ ಹೆಂಗಸರಲ್ಲಿ ಅನೇಕರು ಒಮ್ಮೆಯೂ ಬೀಡಿ ಸೇದಿದವರಲ್ಲ. ಅವರು ಸೇದಿರುವುದು ಅಡುಗೆಮನೆಯ ಹೊಗೆಯನ್ನು. ಸೌದೆ ಒಲೆ ಇರುವ ಸಣ್ಣ ಹೋಟೆಲಿನ ಅಡುಗೆಯವರು, ರೇಷ್ಮೆ ನೂಲು ಬಿಚ್ಚುವವರು, ಅಡಿಕೆ ಬೇಯಿಸುವವರು, ಆಲೆಮನೆಯಲ್ಲಿ ಉರಿ ಹಾಕುವವರು ಇವರೆಲ್ಲರ ಪಾಡೂ ಇದೇ.

ಹೊಗೆಯಲ್ಲಿ ಏನಿದೆ?

ಒಣಗಿದ ಸೌದೆ ಸಾಕಷ್ಟು ಗಾಳಿಯಲ್ಲಿ ಚೆನ್ನಾಗಿ ಉರಿದರೆ ಹೊಗೆ ಕಡಿಮೆ. ಹಸಿ ಸೌದೆ ಉರಿಯದೆ ಹೊಗೆಯಾಡಿದಾಗ ಅತಿಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೆಚ್ಚಾಗಿ ಹೊರಬೀಳುತ್ತವೆ. ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಉಂಟುಮಾಡುತ್ತವೆ. ಕಾಲಕ್ರಮೇಣ ಶ್ವಾಸನಾಳಗಳು ಕಿರಿದಾಗುತ್ತವೆ. ಇದನ್ನೇ ಸಿ.ಓ.ಪಿ.ಡಿ. ಎನ್ನುವುದು. ಒಮ್ಮೆ ಹಾಳಾದ ಶ್ವಾಸಕೋಶವನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು.

ವಿಷಾನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಒಲೆ ಮುಂದೆ ಕುಳಿತಾಗ ಬರುವ ತಲೆನೋವಿಗೆ ಇದೂ ಒಂದು ಕಾರಣ. ಗರ್ಭಿಣಿಯರಲ್ಲಿ ಮಗುವಿನ ತೂಕ ಕಡಿಮೆಯಾಗುವುದಕ್ಕೂ ಎಳೆಯ ಮಕ್ಕಳ ನ್ಯುಮೋನಿಯಾಕ್ಕೂ ಹೊಗೆಯ ನಂಟಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸೌದೆ ಉಳಿತಾಯ, ಆರೋಗ್ಯ ಲಾಭ

ಮೂರು ಕಲ್ಲಿನ ಒಲೆಯಲ್ಲಿ ಹುಟ್ಟುವ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ. ಪಾತ್ರೆಗೆ ಸೇರುವುದು ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ. ಅಂದರೆ ಬಡವರು ಹೊತ್ತು ತಂದ ಸೌದೆಯೂ ವ್ಯರ್ಥ, ಅದರ ಹೊಗೆಯೂ ಅವರ ಪಾಲಿಗೇ. ಇದನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ತಂಡ 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ರೂಪಿಸಿತು. ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ ಈ ಒಲೆಯಲ್ಲಿ ಕೆಳಗಿನಿಂದ ಗಾಳಿ ಆಡಲು ಜಾಲರಿ, ಹೊಗೆ ಹೊರಹೋಗಲು ಕೊಳವೆ ಇರುತ್ತವೆ.

ಆದರೆ ಒಲೆ ಕಟ್ಟಿಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಶುರುವಾಗಿ 2002ರ ಹೊತ್ತಿಗೆ ನಿಂತಿತು. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಕೊಳವೆ ಒಲೆ ಪಡೆದ ಕುಟುಂಬಗಳನ್ನು ಸಂಶೋಧಕರು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಹೆಂಗಸರು ಸೇವಿಸುವ ಹೊಗೆ ಕಡಿಮೆಯಾಯಿತು. ಅನಂತರ ಒಲೆಗಳು ದುರಸ್ತಿ ಕಾಣದೆ ಮೂಲೆಗೆ ಬಿದ್ದವು, ಆರೋಗ್ಯದಲ್ಲಿ ಸುಧಾರಣೆ ಕಾಣಲಿಲ್ಲ. ಒಲೆ ಕೊಡುವವರು ಅದನ್ನು ನೋಡಿಕೊಳ್ಳುವ ಏರ್ಪಾಡನ್ನೂ ಮಾಡಬೇಕೆಂಬುದು ಇದರ ಪಾಠ.

ಗ್ಯಾಸಿನ ಮಾತೂ ಹಾಗೆಯೇ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಲ್ಲಿ ಬಡ ಕುಟುಂಬದ ಹೆಣ್ಣುಮಕ್ಕಳ ಹೆಸರಿಗೆ ಗ್ಯಾಸ್ ಸಂಪರ್ಕ ಸಿಕ್ಕಿದೆ. ಆದರೆ ಚಹಾಕ್ಕೆ ಮಾತ್ರ ಗ್ಯಾಸು, ಅನ್ನಕ್ಕೂ ಸ್ನಾನದ ನೀರಿಗೂ ಸೌದೆ ಎಂದಾದರೆ ಎದೆಗೆ ಹೆಚ್ಚಿನ ಲಾಭವಿಲ್ಲ.

ಸಣ್ಣ ಉದ್ದಿಮೆದಾರರಿಗೆ

ರೇಷ್ಮೆ ಗೂಡು ಬೇಯಿಸುವ ಕೊಠಡಿಯಲ್ಲಿ ಹೊಗೆಯ ಜೊತೆಗೆ ಹಬೆಯೂ ಹುಳುವಿನ ವಾಸನೆಯೂ ಸೇರಿರುತ್ತವೆ. ಅಲ್ಲಿ ದುಡಿಯುವವರಲ್ಲಿ ಉಬ್ಬಸ ಕಾಣಿಸಿಕೊಳ್ಳುವುದುಂಟು. ಒಲೆಯ ಬಾಯನ್ನು ಕೆಲಸದ ಕೋಣೆಯ ಹೊರಗಿಟ್ಟು, ಎತ್ತರದ ಕೊಳವೆ ಹಾಕಿದರೆ ಸೌದೆಯ ಖರ್ಚೂ ಇಳಿಯುತ್ತದೆ, ಆಳುಗಳ ಎದೆಯೂ ಉಳಿಯುತ್ತದೆ. ಬೆಂಗಳೂರಿನ ಟೈಡ್ ಸಂಸ್ಥೆ ಇಂತಹ ಸಣ್ಣ ಉದ್ದಿಮೆಗಳ ಒಲೆಗಳ ಸುಧಾರಣೆಗೆ ದುಡಿದಿದೆ. ನೆರವಿನ ಬಗ್ಗೆ ರೀಲರುಗಳು ರೇಷ್ಮೆ ಇಲಾಖೆಯಲ್ಲಿ, ಉಳಿದವರು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಆಲೆಮನೆಯ ಒಲೆಗೆ ಟೈರು, ಪ್ಲಾಸ್ಟಿಕ್ ಹಾಕುವುದು ಸರ್ವಥಾ ಸಲ್ಲದು. ಅದರ ಹೊಗೆ ಸೌದೆಯ ಹೊಗೆಗಿಂತ ಘೋರ.

ಇಂದೇ ಮಾಡಬಹುದಾದದ್ದು

* ಸೌದೆಯನ್ನು ಸೀಳಿ, ಚೆನ್ನಾಗಿ ಒಣಗಿಸಿ ಬಳಸಿ.
* ಪಾತ್ರೆಗೆ ಮುಚ್ಚಳ ಹಾಕಿ. ಬೇಳೆಯನ್ನು ಮೊದಲೇ ನೆನೆಸಿಡಿ. ಎರಡರಿಂದಲೂ ಉರಿಯ ಸಮಯ ಉಳಿಯುತ್ತದೆ.
* ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆಯಾದರೂ ತೆಗೆಯಿರಿ. ಕೊಳವೆಯ ಬಾಯಿ ಪಕ್ಕದ ಮನೆಯ ಕಿಟಕಿಗೆ ಎದುರಾಗಿರಬಾರದು.
* ಅಡುಗೆಯ ಹೊತ್ತಿನಲ್ಲಿ ಕಿಟಕಿ, ಬಾಗಿಲು ತೆರೆದಿರಲಿ. ಕೂಸುಗಳೂ ಬಸುರಿಯರೂ ಒಲೆಯಿಂದ ದೂರವಿರಲಿ.
* ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಬೇಡಿ. ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಎರಡು ವಾರ ಮೀರಿದ ಕೆಮ್ಮನ್ನು 'ಹೊಗೆಯ ಕೆಮ್ಮು' ಎಂದು ಕಡೆಗಣಿಸದೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಅದು ಕ್ಷಯವೂ ಆಗಿರಬಹುದು. ಏದುಸಿರು ಇರುವವರು ಸ್ಪೈರೋಮೆಟ್ರಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ನೀವು ಎಂಥ ಒಲೆಯ ಮುಂದೆ, ದಿನಕ್ಕೆ ಎಷ್ಟು ಹೊತ್ತು ಇರುತ್ತೀರೆಂಬುದನ್ನು ಅವರಿಗೆ ತಪ್ಪದೆ ತಿಳಿಸಿ. ಒಲೆ ಹಾಗೆಯೇ ಉಳಿದರೆ ಔಷಧದ ಚೀಟಿಯಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.