ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಬಿಗಿ ಕಾಲುಚೀಲ



ಒಂದೇ ಕಾಲು ಊದಿಕೊಂಡು, ಮೀನಖಂಡದಲ್ಲಿ ನೋವು ಮತ್ತು ಬಿಸಿ ಕಂಡರೆ ಉಳುಕೆಂದೋ ದಣಿವೆಂದೋ ತಿಳಿದು ಎಣ್ಣೆ ಹಚ್ಚಿ ನೀವಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಅದು ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಗುರುತೂ ಆಗಿರಬಹುದು. ಆಗ ನೀವುವುದು ಅಪಾಯ. ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಶಸ್ತ್ರಚಿಕಿತ್ಸೆಯಾದವರು, ಮೂಳೆ ಮುರಿದು ಹಾಸಿಗೆ ಹಿಡಿದವರು, ಬಾಣಂತಿಯರು, ಕ್ಯಾನ್ಸರ್ ರೋಗಿಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಇಂಥ ಊತ ಕಂಡ ದಿನವೇ ಆಸ್ಪತ್ರೆಗೆ ಹೋಗಿರಿ.

ಚಿಕಿತ್ಸೆ ದೊರೆತ ಮೇಲೆ ಕೆಲವರಿಗೆ ವೈದ್ಯರು ಬಿಗಿಯಾದ ಕಾಲುಚೀಲವನ್ನು ಬರೆದುಕೊಡುತ್ತಾರೆ. ಅದು ಏಕೆ, ಅದನ್ನು ಹೇಗೆ ಧರಿಸಬೇಕು ಎಂಬುದನ್ನು ಇಲ್ಲಿ ತಿಳಿಯೋಣ.

ಕಾಲು ಊದುವುದೇಕೆ?

ಬಾವಿಗೆ ಇಳಿಬಿಟ್ಟ ಪಂಪಿನ ಕೊಳವೆಯ ತುದಿಯಲ್ಲಿ ಫುಟ್‌ವಾಲ್ವ್ ಇರುವುದನ್ನು ನೀವು ಬಲ್ಲಿರಿ. ಮೇಲೇರಿದ ನೀರು ಹಿಂದಕ್ಕೆ ಇಳಿಯದಂತೆ ಅದು ತಡೆಯುತ್ತದೆ. ನಮ್ಮ ಕಾಲಿನ ಅಭಿಧಮನಿಗಳಲ್ಲಿಯೂ ಇಂಥ ಕವಾಟಗಳು ಸಾಲಾಗಿವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕವಾಟಗಳು ಅದು ಕೆಳಗಿಳಿಯದಂತೆ ತಡೆಯುತ್ತವೆ. ಹೆಪ್ಪುಗಟ್ಟಿದ ರಕ್ತ ಈ ಕವಾಟಗಳನ್ನು ಕೆಡಿಸಬಹುದು. ಆಗ ರಕ್ತ ಕೆಳಗೇ ನಿಂತು ಕಾಲು ಭಾರವಾಗುತ್ತದೆ, ಸಂಜೆಯ ಹೊತ್ತಿಗೆ ಊದುತ್ತದೆ. ವರ್ಷಗಳು ಕಳೆದಂತೆ ಹರಡಿನ ಬಳಿ ಚರ್ಮ ಕಪ್ಪಾಗಿ ಹುಣ್ಣೂ ಆಗಬಹುದು. ಹೆಪ್ಪು ಕಂಡ ಹತ್ತು ಮಂದಿಯಲ್ಲಿ ಎರಡರಿಂದ ಐದು ಮಂದಿಗೆ ಇಂಥ ತೊಂದರೆ ಸ್ವಲ್ಪವಾದರೂ ಉಳಿಯುತ್ತದೆ.

ಕಾಲುಚೀಲ ಮಾಡುವ ಕೆಲಸ

ಕೆರೆಯ ಏರಿಯನ್ನು ತಳದಲ್ಲಿ ಅಗಲವಾಗಿ ಕಟ್ಟುತ್ತೇವೆ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುವುದೇ ಅದಕ್ಕೆ ಕಾರಣ. ಅಮೆರಿಕದ ಕಾನ್ರಾಡ್ ಜಾಬ್ಸ್ಟ್ ಎಂಬ ಎಂಜಿನಿಯರು ಕಾಲಿನ ಹುಣ್ಣಿನಿಂದ ನರಳುತ್ತಿದ್ದರು. ಈಜುಕೊಳದಲ್ಲಿ ನಿಂತಾಗ ತಮ್ಮ ನೋವು ಕಡಿಮೆಯಾಗುವುದನ್ನು ಗಮನಿಸಿ, ನೀರಿನಂತೆಯೇ ಕೆಳಗೆ ಹೆಚ್ಚು, ಮೇಲೆ ಕಡಿಮೆ ಒತ್ತುವ ಕಾಲುಚೀಲವನ್ನು 1950ರ ಸುಮಾರಿಗೆ ರೂಪಿಸಿದರು. ಈಗಿನ ಚೀಲಗಳೂ ಹೀಗೆಯೇ ಹರಡಿನಲ್ಲಿ ಅತಿ ಬಿಗಿ, ಮೇಲೆ ಹೋದಂತೆ ಸಡಿಲ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಚೀಲ ಹೆಪ್ಪನ್ನು ಕರಗಿಸುವುದಿಲ್ಲ. 1997ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಯಲ್ಲಿ, ಚೀಲ ಧರಿಸಿದವರಿಗೆ ಮುಂದಿನ ತೊಂದರೆ ಸುಮಾರು ಅರ್ಧಕ್ಕೆ ಇಳಿದಂತೆ ಕಂಡಿತ್ತು. ಆದರೆ 2014ರಲ್ಲಿ ಪ್ರಕಟವಾದ ಕೆನಡಾ ಮತ್ತು ಅಮೆರಿಕದ ಪರೀಕ್ಷೆಯಲ್ಲಿ 800ಕ್ಕೂ ಹೆಚ್ಚು ರೋಗಿಗಳನ್ನು ಎರಡು ವರ್ಷ ನೋಡಿದಾಗ, ನಿಜವಾದ ಬಿಗಿ ಚೀಲಕ್ಕೂ ಒತ್ತಡವಿಲ್ಲದ ಚೀಲಕ್ಕೂ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಈಗ ಎಲ್ಲರಿಗೂ ಚೀಲ ಕಡ್ಡಾಯವೆಂದು ವೈದ್ಯರು ಹೇಳುವುದಿಲ್ಲ. ಊತ, ನೋವು ಇರುವವರಿಗೆ ಅದರಿಂದ ಹಗುರವಾಗುತ್ತದೆ. ಅಂಥವರು ಧರಿಸುವುದು ಒಳ್ಳೆಯದು.

ರೋಗವನ್ನು ತಡೆಯುವುದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ. ಇದನ್ನು ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಕೊಡುತ್ತಾರೆ. ಊತ ಇಳಿಯಿತು, ಚೀಲವಿದೆ ಎಂದು ಮಾತ್ರೆ ನಿಲ್ಲಿಸಕೂಡದು. ವಾರ್ಫರಿನ್ ಮಾತ್ರೆ ನುಂಗುವವರು ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿರಿ. ಸೊಪ್ಪನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ಬುಟ್ಟಿ ತುಂಬ, ಮರುವಾರ ಏನೂ ಇಲ್ಲ ಎಂಬಂತಾಗದೆ ಒಂದೇ ಅಳತೆಯಲ್ಲಿ ಉಣ್ಣಿರಿ. ವೈದ್ಯರನ್ನು ಕೇಳದೆ ಮೈಕೈ ನೋವಿನ ಮಾತ್ರೆ, ಸೂಜಿಮದ್ದು, ನಾಟಿ ಔಷಧ ತೆಗೆದುಕೊಳ್ಳಬೇಡಿರಿ, ರಕ್ತಸ್ರಾವವಾದೀತು.

ಕೊಳ್ಳುವಾಗ

ಅಂದಾಜಿನಿಂದ ಕೊಳ್ಳಬಾರದು. ಬೆಳಿಗ್ಗೆ, ಊತ ಕಡಿಮೆಯಿರುವಾಗ, ಹರಡಿನ ಸುತ್ತಳತೆ, ಮೀನಖಂಡದ ಸುತ್ತಳತೆ, ಹಿಮ್ಮಡಿಯಿಂದ ಮಂಡಿಯ ಕೆಳಗಿನವರೆಗಿನ ಉದ್ದ, ಈ ಮೂರನ್ನೂ ಅಳೆಯಿಸಿರಿ. ಸಾಮಾನ್ಯವಾಗಿ ಮಂಡಿಯ ಕೆಳಗಿನವರೆಗಿನ ಚೀಲ ಸಾಕು. ಹರಡಿನಲ್ಲಿ 30ರಿಂದ 40 ಮಿಲಿಮೀಟರ್ ಪಾದರಸದ ಒತ್ತಡದ್ದನ್ನು ಬರೆಯುವುದು ವಾಡಿಕೆ; ತಾಳಲಾರದವರಿಗೆ 20ರಿಂದ 30ರದ್ದನ್ನು ಕೊಡುತ್ತಾರೆ. ಸಂತೆಯಲ್ಲಿ ಸಿಗುವ ಬಿಗಿ ಸಾಕ್ಸು ಇದಕ್ಕೆ ಸಮನಲ್ಲ. ಮನೆಯಲ್ಲಿ ಬಟ್ಟೆಪಟ್ಟಿ ಬಿಗಿದರೆ ಮೇಲ್ಭಾಗವೇ ಹೆಚ್ಚು ಬಿಗಿಯಾಗಿ ಕೇಡಾದೀತು.

ಯಾರು ಧರಿಸಬಾರದು?

ಶುದ್ಧ ರಕ್ತ ಒಯ್ಯುವ ನಾಳಗಳು ಕಟ್ಟಿಕೊಂಡವರಿಗೆ ಬಿಗಿ ಚೀಲದಿಂದ ಪಾದವೇ ಕೊಳೆಯುವ ಭಯವಿದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವವರು, ಬಹುಕಾಲ ಬೀಡಿ ಸೇದಿದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ತಿಳಿಯದವರು ಮೊದಲು ಪಾದದ ನಾಡಿಯನ್ನು ವೈದ್ಯರಿಗೆ ತೋರಿಸತಕ್ಕದ್ದು.

ಧರಿಸುವ ಕ್ರಮ

1. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಿರಿ. ರಾತ್ರಿ ಮಲಗುವಾಗ ತೆಗೆಯಿರಿ.

2. ಕಾಲುಂಗುರ, ಗೆಜ್ಜೆ ತೆಗೆದು, ಉಗುರು ಕತ್ತರಿಸಿಕೊಳ್ಳಿರಿ. ಕಾಲು ಒಣಗಿರಲಿ. ಎಣ್ಣೆಯನ್ನು ರಾತ್ರಿ ಮಾತ್ರ ಹಚ್ಚಿರಿ. ಅದು ಚೀಲದ ಎಳೆಗಳನ್ನು ಕೆಡಿಸುತ್ತದೆ.

3. ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಮಾಡಿ, ಪಾದ ತೂರಿಸಿ, ಹಿಮ್ಮಡಿಯನ್ನು ಸರಿಯಾಗಿ ಕೂರಿಸಿ ಮೇಲಕ್ಕೆ ಎಳೆಯಿರಿ. ರಬ್ಬರ್ ಕೈಗವಸು ಇದ್ದರೆ ಸುಲಭ.

4. ನೆರಿಗೆ ಉಳಿಯಬಾರದು. ಅಂಚನ್ನು ಮಡಿಸಕೂಡದು, ಮಡಿಸಿದರೆ ಹಗ್ಗ ಬಿಗಿದಂತಾಗುತ್ತದೆ.

5. ಗದ್ದೆಯ ಕೆಸರಿಗೆ ಇಳಿಯುವಾಗ ತೆಗೆದಿಡಿರಿ. ಒದ್ದೆ ಚೀಲದಲ್ಲಿ ದಿನ ಕಳೆದರೆ ಚರ್ಮ ಕೆಡುತ್ತದೆ. ಕೆಲಸವಾದ ಮೇಲೆ ಕಾಲು ತೊಳೆದು ಒರಸಿ, ಸ್ವಲ್ಪ ಹೊತ್ತು ಎತ್ತರಕ್ಕೆ ಇಟ್ಟು ಮತ್ತೆ ಧರಿಸಿರಿ.

6. ಉಗುರುಬೆಚ್ಚಗಿನ ನೀರಿನಲ್ಲಿ ಮೆದುವಾದ ಸೋಪಿನಿಂದ ಕೈಯಲ್ಲೇ ಒಗೆದು, ಹಿಂಡದೆ, ನೆರಳಿನಲ್ಲಿ ಒಣಗಿಸಿರಿ. ಎರಡು ಜೊತೆ ಇದ್ದರೆ ಅನುಕೂಲ. ಆರು ತಿಂಗಳ ಒಳಗಾಗಿ ಬಿಗಿ ಕಡಿಮೆಯಾಗುವುದರಿಂದ ಹೊಸದು ಬೇಕಾಗುತ್ತದೆ.

ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಹುಣ್ಣಾದರೆ ಕೂಡಲೇ ಚೀಲ ತೆಗೆದು ವೈದ್ಯರಲ್ಲಿಗೆ ಹೋಗಿರಿ.

ಹೆಪ್ಪುಗಟ್ಟಿದವರು ಅಲುಗಾಡದೆ ಮಲಗಿರಬೇಕೆಂಬುದು ಹಳೆಯ ಮಾತು. ಔಷಧ ಆರಂಭವಾದ ಮೇಲೆ, ವೈದ್ಯರು ಬೇಡವೆನ್ನದಿದ್ದರೆ, ದಿನವೂ ನಡೆಯುವುದೇ ಲೇಸು. ನಡೆಯುವ ಕಾಲೇ ರಕ್ತ ಎತ್ತುವ ಪಂಪು.

ಕೊನೆಯದಾಗಿ, ಇದನ್ನು ಮನೆಯವರೆಲ್ಲ ನೆನಪಿಡಿರಿ: ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿರಿ. 108ಕ್ಕೆ ಫೋನು ಮಾಡಿರಿ. ಬೆಳೆ ಹೋದರೆ ಮರುವರ್ಷ ಬಿತ್ತಬಹುದು. ಹೋದ ಜೀವ ಬಾರದು.