ಕಾಮಣಿ ಇಳಿದ ಮೇಲೆ ಕೇಳಬೇಕಾದ ಪ್ರಶ್ನೆ

ತಿಕೋಟಾ, ಬಬಲೇಶ್ವರದ ಕಡೆ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಎಷ್ಟೋ ಮನೆಗಳಲ್ಲಿ ಮೊದಲು ನೆನಪಾಗುವುದು ಕಾಮಣಿಗೆ ಔಷಧ ಕೊಡುವವರು. ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಒಂದಷ್ಟು ದಿನ ಎಣ್ಣೆ-ಖಾರ ಬಿಟ್ಟ ಪಥ್ಯ. ಎರಡು ಮೂರು ವಾರದಲ್ಲಿ ಕಣ್ಣು ತಿಳಿಯಾಗುತ್ತದೆ, ಔಷಧದ ಹೆಸರು ಪಕ್ಕದ ಊರಿಗೂ ಹಬ್ಬುತ್ತದೆ. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ನಮ್ಮಲ್ಲಿ ಕಾಮಣಿ ತರುವ ಮುಖ್ಯ ಕಾರಣಗಳಲ್ಲಿ ಹೊಲಸು ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಸೇರಿವೆ. ಗರ್ಭಿಣಿಯರಿಗೆ ಇ ವೈರಸ್ ಅಪಾಯಕಾರಿ. ಅಂಥವರನ್ನು ಬಿಟ್ಟರೆ ಹೆಚ್ಚಿನವರಲ್ಲಿ ಈ ಸೋಂಕು ಯಾವ ಔಷಧವೂ ಇಲ್ಲದೆ ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ. ರಸ ಕುಡಿದವರೂ ಗುಣವಾಗುತ್ತಾರೆ, ಕುಡಿಯದವರೂ ಗುಣವಾಗುತ್ತಾರೆ. ತೊಂದರೆ ಇರುವುದು ವೈರಸ್ ಇಲ್ಲದೆ ಕಾಮಣಿ ಬಂದವರಿಗೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ಲಿವರ್ ಮೇಲೆ ದಾಳಿ ಮಾಡುವ ಆಟೊಇಮ್ಯೂನ್ ಹೆಪಟೈಟಿಸ್ ಕೂಡ ಏರುತ್ತದೆ, ಇಳಿಯುತ್ತದೆ. ಅದು ತಾನಾಗಿ ಇಳಿದಾಗ ಕಣ್ಣು ಬಿಳಿಯಾದರೆ ಎಲ್ಲರೂ ಗುಣವಾಯಿತೆಂದುಕೊಳ್ಳುತ್ತಾರೆ. ಒಳಗೆ ಲಿವರ್ ಗಾಯಗೊಂಡು ಗಡುಸಾಗುತ್ತಲೇ ಇರುತ್ತದೆ. ವಯಸ್ಕರಲ್ಲಿ ಈ ರೋಗ ಪತ್ತೆಯಾಗುವ ಹೊತ್ತಿಗೆ ಸುಮಾರು ಮೂರರಲ್ಲಿ ಒಬ್ಬರಿಗೆ ಸಿರೋಸಿಸ್ ಆಗಿಬಿಟ್ಟಿರುತ್ತದೆ. ಹೆಂಡ ಮುಟ್ಟದ ಹೆಣ್ಣುಮಗಳಿಗೆ ಸಿರೋಸಿಸ್ ಹೇಗೆ ಬಂತು ಎಂಬ ಚರ್ಚೆ ಆಮೇಲೆ.

ಇಷ್ಟಕ್ಕೂ ಇದು ಮದ್ದಿಲ್ಲದ ರೋಗವಲ್ಲ. ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್ 1950ರಲ್ಲಿ ಹರೆಯದ ಹೆಣ್ಣುಮಕ್ಕಳಲ್ಲಿ ಕಾಣುವ, ರಕ್ತದ ಗ್ಲಾಬ್ಯುಲಿನ್ ವಿಪರೀತ ಏರುವ ಹೆಪಟೈಟಿಸ್ ಒಂದನ್ನು ವರ್ಣಿಸಿದರು. ಅದು ದೇಹ ತನ್ನ ಮೇಲೆ ತಾನೇ ಮಾಡಿಕೊಳ್ಳುವ ದಾಳಿ ಎಂಬ ವಿಚಾರವನ್ನು ಆಸ್ಟ್ರೇಲಿಯಾದ ಇಯಾನ್ ಮೆಕೇ ಬೆಳೆಸಿದರು. ನಿರ್ಣಾಯಕ ಪುರಾವೆ ಸಿಕ್ಕಿದ್ದು 1971ರಲ್ಲಿ, ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಶೀಲಾ ಶೆರ್ಲಾಕ್ ತಂಡ ನಡೆಸಿದ ಪ್ರಯೋಗದಿಂದ. ಒಟ್ಟು 49 ರೋಗಿಗಳಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಪಡೆದವರು 22; ಅವರಲ್ಲಿ ತೀರಿಕೊಂಡವರು 3. ಅದನ್ನು ಪಡೆಯದ 27 ಜನರಲ್ಲಿ ತೀರಿಕೊಂಡವರು 15. ಆಗ ಹೆಪಟೈಟಿಸ್ ಸಿ ವೈರಸ್ಸಿನ ಪತ್ತೆಯೇ ಆಗಿರಲಿಲ್ಲವಾದ್ದರಿಂದ ಆ ರೋಗಿಗಳೆಲ್ಲ ಇಂದಿನ ಅಳತೆಯಲ್ಲಿ ಒಂದೇ ರೋಗದವರಾಗಿರಲಿಕ್ಕಿಲ್ಲ. ಆದರೂ ಇಷ್ಟು ಅಂತರವನ್ನು ತಳ್ಳಿಹಾಕುವಂತಿಲ್ಲ. ಇಂದಿಗೂ ಚಿಕಿತ್ಸೆಯ ಬೆನ್ನೆಲುಬು ಪ್ರೆಡ್ನಿಸೊಲೋನ್, ಜೊತೆಗೆ ಅಜಥಯೊಪ್ರಿನ್. ಎರಡೂ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಎರಡೂ ಹಳೆಯ ಮಾತ್ರೆಗಳು. ಹಾಗಿದ್ದೂ ಜನ ತಡವಾಗಿ ತಜ್ಞರನ್ನು ಮುಟ್ಟುತ್ತಾರೆ ಎಂದರೆ ಕೊರತೆ ಮದ್ದಿನದಲ್ಲ, ಸಕಾಲಕ್ಕೆ ಬಾರದ ಅನುಮಾನದ್ದು.

ಅನುಮಾನ ತಡವಾಗುವುದಕ್ಕೆ ಕಾರಣವೂ ಇದೆ. ಇದನ್ನು ಹೌದು-ಅಲ್ಲ ಎಂದು ಹೇಳಿಬಿಡುವ ಒಂದೇ ಒಂದು ಪರೀಕ್ಷೆ ಇಲ್ಲ. 2008ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಸರಳಗೊಳಿಸಿದ ಅಂಕಪದ್ಧತಿಯಲ್ಲೂ ನಾಲ್ಕು ಸಂಗತಿ ಕೂಡಿಸಬೇಕು: ಎ.ಎನ್.ಎ.ಯಂಥ ಪ್ರತಿಕಾಯಗಳು, ಐ.ಜಿ.ಜಿ. ಪ್ರಮಾಣ, ಬಯಾಪ್ಸಿಯ ಚಿತ್ರ, ವೈರಸ್ ಇಲ್ಲವೆಂಬ ಖಾತ್ರಿ. ಆದರೆ ಮೊದಲ ಸುಳಿವಿಗೆ ಇಷ್ಟೆಲ್ಲ ಬೇಕಿಲ್ಲ. ಯಾವುದೇ ಲ್ಯಾಬಿನಲ್ಲಿ ಮಾಡಿಸುವ ಲಿವರ್ ಫಂಕ್ಷನ್ ಟೆಸ್ಟ್ ಚೀಟಿಯಲ್ಲಿ ಎಲ್ಲರ ಕಣ್ಣು ಹೋಗುವುದು ಬಿಲಿರುಬಿನ್ ಮೇಲೆ. ಅದು 8 ಇದ್ದದ್ದು 2ಕ್ಕೆ ಬಂತೆಂದರೆ ಖುಷಿ. ಕೆಳಗೆ ಟೋಟಲ್ ಪ್ರೋಟೀನ್ ಮತ್ತು ಅಲ್ಬುಮಿನ್ ಎಂಬ ಎರಡು ಸಾಲು ಇರುತ್ತವೆ, ಯಾರೂ ಓದುವುದಿಲ್ಲ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಗ್ಲಾಬ್ಯುಲಿನ್ ಸಿಗುತ್ತದೆ. ಪ್ರೋಟೀನ್ 8.6, ಅಲ್ಬುಮಿನ್ 3.2 ಇದ್ದರೆ ಗ್ಲಾಬ್ಯುಲಿನ್ 5.4, ಸಾಮಾನ್ಯವಾಗಿ ಅದು 3.5ರ ಆಸುಪಾಸು ದಾಟಬಾರದು. ಬಿಲಿರುಬಿನ್ ಇಳಿದು ಗ್ಲಾಬ್ಯುಲಿನ್ ಏರಿಯೇ ಇದ್ದರೆ, ಲಿವರಿಗೆ ಪೆಟ್ಟಾದಾಗ ಏರುವ ಎಸ್.ಜಿ.ಪಿ.ಟಿ. ಇನ್ನೂ ನೂರರ ಮೇಲೆ ಆಡುತ್ತಿದ್ದರೆ, ಕಾಮಣಿ ಹೋಗಿದೆ, ರೋಗ ಹೋಗಿಲ್ಲ. ವಾಲ್ಡೆನ್‌ಸ್ಟ್ರೋಮ್ ಗಮನಿಸಿದ್ದೂ ಗ್ಲಾಬ್ಯುಲಿನ್ನಿನ ಈ ಏರಿಕೆಯನ್ನೇ. ಗ್ಲಾಬ್ಯುಲಿನ್ ಏರಲು ಬೇರೆ ಕಾರಣಗಳೂ ಉಂಟು, ಹಾಗಾಗಿ ಇದು ತೀರ್ಪಲ್ಲ. ಮುಂದಿನ ಪರೀಕ್ಷೆಗೆ ಕಳಿಸಲು ಸಾಕಾದ ಕಾರಣ ಅಷ್ಟೆ. ಸಂಬಂಧಿಯಾದ ಇನ್ನೊಂದು ರೋಗ, ಪ್ರೈಮರಿ ಬಿಲಿಯರಿ ಕೋಲಂಜೈಟಿಸ್, ಸಣ್ಣ ಪಿತ್ತನಾಳಗಳನ್ನು ಕೆಡಿಸುತ್ತದೆ. ಅದರ ಮೊದಲ ದೂರು ಹಲವರಲ್ಲಿ ಬರೀ ಮೈ ತುರಿಕೆ, ದಣಿವು. ತುರಿಕೆಗೆ ಮುಲಾಮು, ದಣಿವಿಗೆ ಟಾನಿಕ್. ಮಣೂಕದ ಶೆಡ್ಡಿನಲ್ಲಿ ದಿನವಿಡೀ ದುಡಿಯುವ ಹೆಂಗಸಿನ ದಣಿವನ್ನು ಯಾರು ರೋಗವೆಂದಾರು?

ತಜ್ಞರಿಗೂ ಕಷ್ಟವಾಗುವ ಜಾಗ ಬೇರೆ. ಔಷಧಿಯಿಂದ ಲಿವರ್ ಕೆಟ್ಟಾಗ ಕೆಲವೊಮ್ಮೆ ಅದೇ ಪ್ರತಿಕಾಯ, ಅದೇ ಐ.ಜಿ.ಜಿ., ಬಯಾಪ್ಸಿಯಲ್ಲೂ ಅದೇ ಚಿತ್ರ. ಕರ್ನಾಟಕದಲ್ಲಿ ಈ ಗಡಿಯ ಬಗ್ಗೆ ನೆಚ್ಚಬಹುದಾದ ಕೆಲಸ ನಡೆದಿರುವುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಅವರಿಂದ. ಅವರ ನೇತೃತ್ವದಲ್ಲಿ ದೇಶದ ಹಲವು ಕೇಂದ್ರಗಳು ಕೂಡಿ 2021ರಲ್ಲಿ ಪ್ರಕಟಿಸಿದ 1,288 ರೋಗಿಗಳ ಅಧ್ಯಯನದಲ್ಲಿ ಲಿವರ್ ಕೆಡಿಸಿದ ಔಷಧಿಗಳಲ್ಲಿ ಕ್ಷಯದ ಮಾತ್ರೆಗಳದು ಮೊದಲ ಸ್ಥಾನ, ನಾಟಿ ಮತ್ತು ಪಾರಂಪರಿಕ ಔಷಧಗಳದು ಎರಡನೆಯದು. ಔಷಧಿ ಕಾರಣವೋ ದೇಹವೇ ಕಾರಣವೋ ಎಂದು ತಿಳಿಯುವ ದಾರಿ ತಾಳ್ಮೆಯದು: ಅನುಮಾನದ ಔಷಧಿ ನಿಲ್ಲಿಸುತ್ತಾರೆ, ಬೇಕಾದರೆ ಸ್ಟೆರಾಯ್ಡ್ ಕೊಟ್ಟು ಮೆಲ್ಲಗೆ ಬಿಡಿಸುತ್ತಾರೆ. ಮತ್ತೆ ಮರುಕಳಿಸದಿದ್ದರೆ ಔಷಧಿಯದೇ ಕೆಲಸ ಎಂದುಕೊಳ್ಳಬಹುದು. ನಿಜವಾದ ಆಟೊಇಮ್ಯೂನ್ ಹೆಪಟೈಟಿಸ್ ಆದರೆ ಹೆಚ್ಚಿನವರಲ್ಲಿ ಮರುಕಳಿಸುತ್ತದೆ.

ನಾಟಿ ಔಷಧದ ಮಾತಿಗೆ ಸಿಟ್ಟು ಬರುವುದು ಸಹಜ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಆಟೊಇಮ್ಯೂನ್ ಬಗೆಯ ಹೆಪಟೈಟಿಸ್‌ಗೆ ಒಳಗಾದ 6 ಜನರ ವರದಿಯನ್ನು 2021ರಲ್ಲಿ ಮುಂಬೈ ವೈದ್ಯರು ಪ್ರಕಟಿಸಿದಾಗ ಆಯುಷ್ ಸಚಿವಾಲಯ ಆಕ್ಷೇಪಿಸಿತು. ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಎಂಬುದಕ್ಕೆ ಖಾತ್ರಿ ಏನು, ಅದನ್ನೇ ಹೋಲುವ ಬೇರೆ ಬಳ್ಳಿ ಇದ್ದೀತು ಎಂಬುದು ವಾದ. ನ್ಯಾಯವಾದ ಪ್ರಶ್ನೆ. ಆದರೆ ಮರುವರ್ಷ 13 ಕೇಂದ್ರಗಳಿಂದ ಇಂಥ 43 ರೋಗಿಗಳ ವರದಿ ಬಂತು. ಇನ್ನು, ಬೇಲಿಯ ಬಳ್ಳಿ ಕಿತ್ತು ಕಷಾಯ ಕುದಿಸುವವರು, ಪೊಟ್ಟಣದ ಪುಡಿ ಕೊಳ್ಳುವವರು ಎರಡು ಬಳ್ಳಿಗಳ ವ್ಯತ್ಯಾಸ ಕಂಡುಹಿಡಿಯುವುದು ಹೇಗೆ? ಅಮೃತಬಳ್ಳಿ ಕುಡಿದ ಎಲ್ಲರ ಲಿವರ್ ಕೆಡುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಥೈರಾಯ್ಡ್ ತೊಂದರೆ, ಸಂಧಿವಾತ, ತೊನ್ನು ಮೊದಲಾದ ಆಟೊಇಮ್ಯೂನ್ ಒಲವು ಇರುವವರು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎನ್ನುವ ಯಾವುದನ್ನೂ ತಿಂಗಳುಗಟ್ಟಲೆ ಕುಡಿಯದಿರುವುದು ಒಳಿತು ಎನ್ನಲು ಇಷ್ಟು ಪುರಾವೆ ಸಾಕು.

ಇಷ್ಟು ಅಪರೂಪದ ರೋಗಕ್ಕೆ ಇಷ್ಟು ಮಾತೇಕೆ ಎಂದೂ ಕೇಳಬಹುದು. ಯುರೋಪಿನ ಲೆಕ್ಕದಲ್ಲಿ ಲಕ್ಷಕ್ಕೆ 15ರಿಂದ 25 ಜನರಿಗೆ ಆಟೊಇಮ್ಯೂನ್ ಹೆಪಟೈಟಿಸ್ ಇದೆ. 2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಜನಸಂಖ್ಯೆ ಸುಮಾರು 21.77 ಲಕ್ಷ. ಆ ಪ್ರಮಾಣ ಇಲ್ಲಿಗೂ ಹೊಂದುವುದಾದರೆ ಜಿಲ್ಲೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ, ಹೆಚ್ಚಿನವರು ಹೆಣ್ಣುಮಕ್ಕಳು. ಸ್ಟೆರಾಯ್ಡ್ ಎಂದೊಡನೆ ಹೆದರುವವರ ಮಾತಿನಲ್ಲೂ ಹುರುಳಿದೆ. ಸಕ್ಕರೆ ಏರುತ್ತದೆ, ಮುಖ ಊದುತ್ತದೆ, ಎಲುಬು ಸವೆಯುತ್ತದೆ. ಹೆಪಟೈಟಿಸ್ ಬಿ ಅಥವಾ ಕ್ಷಯ ಇದ್ದವರಿಗೆ ನೋಡದೆ ಕೊಟ್ಟರೆ ಅವು ಕೆರಳುತ್ತವೆ. ಅದಕ್ಕೇ ಮೊದಲು ಅವನ್ನು ಪರೀಕ್ಷಿಸುವುದು, ಅಜಥಯೊಪ್ರಿನ್ ಜೊತೆಗೂಡಿಸಿ ಸ್ಟೆರಾಯ್ಡ್ ಪ್ರಮಾಣ ಇಳಿಸುವುದು, ರಕ್ತಕಣಗಳ ಎಣಿಕೆ ನೋಡುತ್ತಿರುವುದು. ಮೊಣಕಾಲು ನೋವಿಗೆ ಹೆಸರಿಲ್ಲದ ಗುಳಿಗೆಯಲ್ಲಿ ಸ್ಟೆರಾಯ್ಡ್ ನುಂಗುವಾಗ ಹೆದರದವರು ಲಿವರ್ ಉಳಿಸುವ ಅಳತೆಯ ಮಾತ್ರೆಗೆ ಹೆದರುವುದು ವಿಚಿತ್ರ. ಬೆಂಗಳೂರು 500 ಕಿಲೋಮೀಟರಿಗೂ ದೂರ, ತಜ್ಞರು ಎಲ್ಲಿ ಸಿಗುತ್ತಾರೆ ಎಂಬ ದೂರು ಮಾತ್ರ ನಿಜವಾದದ್ದು. ಆದರೆ ಅನುಮಾನಕ್ಕೆ ಬೆಂಗಳೂರು ಬೇಡ. ವಿಜಯಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ; ತಿಕೋಟಾದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಫಿಜಿಶಿಯನ್ ಮೊದಲ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಸೋಲಾಪುರಕ್ಕೋ ಬೆಂಗಳೂರಿಗೋ ಒಮ್ಮೆ ಕಳಿಸಿ, ಮುಂದಿನ ನಿಗಾ ಇಲ್ಲೇ ಇಡಬಹುದು.

ಕಾಮಣಿ ಆರು ವಾರ ದಾಟಿದರೆ, ಇಳಿದು ಮತ್ತೆ ಬಂದರೆ, ಅಥವಾ ವೈರಸ್ ಪರೀಕ್ಷೆಗಳು ಇಲ್ಲವೆಂದ ಮೇಲೂ ಎಸ್.ಜಿ.ಪಿ.ಟಿ. ಏರಿಯೇ ಇದ್ದರೆ, ಹಳೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸಿ, ಕುಡಿದ ಕಷಾಯ ಮತ್ತು ನುಂಗಿದ ಮಾತ್ರೆಗಳ ಹೆಸರು ಮುಚ್ಚಿಡದೆ ಹೇಳಿ, ಎ.ಎನ್.ಎ. ಮತ್ತು ಐ.ಜಿ.ಜಿ. ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ಶುರುವಾದ ಮೇಲೆ ಆರಾಮಾಯಿತೆಂದು ನೀವಾಗಿ ನಿಲ್ಲಿಸಬೇಡಿ. ರಕ್ತದ ಅಂಕಿಗಳು ಸರಿಯಾದ ಮೇಲೂ ಕನಿಷ್ಠ ಎರಡು ವರ್ಷ ಮಾತ್ರೆ ಮುಂದುವರಿಯಬೇಕು.