ಎರೆ ನೆಲದಲ್ಲಿ ಜಾಕ್ ಊರುವ ಮುನ್ನ

ಕಳೆದ ಶ್ರಾವಣದ ಒಂದು ಸಂಜೆ. ಸಿಂದಗಿಯಲ್ಲಿ ಬಂಧುಗಳ ಮನೆಯ ಕಾರ್ಯ ಮುಗಿಸಿಕೊಂಡು ಇಂಡಿಯ ಕಡೆಗೆ ಹೊರಟಿದ್ದೆವು. ದಾರಿಯಲ್ಲಿ ಕಾರಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಲಾರಿಗಳಿಗೆ ಅಡ್ಡಿಯಾಗದಿರಲೆಂದು ಕಾರನ್ನು ಡಾಂಬರಿನಿಂದ ಇಳಿಸಿ ಬದಿಯ ಮಣ್ಣಿನ ಮೇಲೆ ನಿಲ್ಲಿಸಿದೆ. ಜಾಕ್ ಊರಿ ಎತ್ತಿ, ಗಾಲಿ ಬಿಚ್ಚಿದ್ದಾಯಿತು. ಹತ್ತನೆಯ ತರಗತಿಯಲ್ಲಿ ಓದುವ ತಂಗಿಯ ಮಗ ಸ್ಟೆಪ್ನಿ ಉರುಳಿಸಿಕೊಂಡು ಬರುತ್ತಿದ್ದ. ಅಷ್ಟರಲ್ಲಿ ಜಾಕ್ ಮೆಲ್ಲಗೆ ವಾಲಿತು. ನೋಡನೋಡುತ್ತಿದ್ದಂತೆ ಕಾರು ಧೊಪ್ಪೆಂದು ಬ್ರೇಕ್ ಡ್ರಮ್ಮಿನ ಮೇಲೆ ಕುಳಿತಿತು. ಹುಡುಗನ ಕೈ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು.

ಇಪ್ಪತ್ತೈದು ವರ್ಷಗಳಿಂದ ‘ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದ್ದು’ ಎಂದು ಕರಿಹಲಗೆಯ ಮೇಲೆ ಬರೆದವನು ನಾನು. ಅದೇ ಪಾಠವನ್ನು ರಸ್ತೆಯ ಬದಿಯಲ್ಲಿ ಮರೆತಿದ್ದೆ!

ನೆಲದ ಗುಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೆಚ್ಚಿನ ಭೂಮಿ ಎರೆ. ಬಿಳಿಜೋಳ ಬೆಳೆಯುವ ಈ ಕಪ್ಪು ಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಜೇಡಿಯ ಕಣಗಳಿವೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಅಗಲಕ್ಕೆ ಬಿರಿಯುವ ನೆಲ, ಮಳೆ ಬಿದ್ದರೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಮೇಲ್ಪದರ ಒಣಗಿ ಗಟ್ಟಿಯಾಗಿ ಕಂಡರೂ ನಾಲ್ಕು ಬೆರಳು ಕೆಳಗೆ ಹಸಿಯಿರುವುದುಂಟು.

ಒಂದು ಸಣ್ಣ ಲೆಕ್ಕ ಮಾಡೋಣ. ಕಾರಿನ ತೂಕ 900 ಕಿಲೋ ಇರಲಿ. ಒಂದು ಮೂಲೆಯನ್ನು ಎತ್ತುವಾಗ ಜಾಕಿನ ಮೇಲೆ 300 ಕಿಲೋ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಜಾಕಿನ ಪಾದ 10 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ ಇದ್ದರೆ ಕ್ಷೇತ್ರಫಲ 80 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಮೂರೂಮುಕ್ಕಾಲು ಕಿಲೋ ಭಾರ! ಈಗ ಜಾಕಿನ ಕೆಳಗೆ 30 ಸೆಂ.ಮೀ. ಚೌಕದ ದಪ್ಪ ಹಲಗೆ ಇಡಿ. ಕ್ಷೇತ್ರಫಲ 900 ಚದರ ಸೆಂ.ಮೀ. ಆಯಿತು. ಭಾರ ಅಷ್ಟೇ ಇದ್ದರೂ ಒತ್ತಡ ಚದರ ಸೆಂಟಿಮೀಟರಿಗೆ ಕಿಲೋದ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಹಲಗೆ ಮಾತ್ರ ದಪ್ಪಗಿರಬೇಕು. ತೆಳ್ಳಗಿದ್ದರೆ ನಡುವೆ ಬಾಗಿ, ಭಾರವೆಲ್ಲ ಮತ್ತೆ ನಡುಭಾಗದ ಮೇಲೆಯೇ ಬೀಳುತ್ತದೆ. ಇಟ್ಟಿಗೆ, ಪರಸಿ ಕಲ್ಲು ಬೇಡ. ಅವು ಬಾಗುವುದಿಲ್ಲ, ಪಟ್ಟನೆ ಒಡೆಯುತ್ತವೆ. ಎಲ್ಲಕ್ಕಿಂತ ಒಳ್ಳೆಯದೆಂದರೆ ಗಟ್ಟಿ, ಸಮತಟ್ಟಾದ ಜಾಗ ಸಿಗುವವರೆಗೆ ಕಾರನ್ನು ನಿಧಾನವಾಗಿ ಮುಂದಕ್ಕೆ ಒಯ್ಯುವುದು. ಟೈರು ಹಾಳಾದೀತು, ನಿಜ. ಟೈರಿಗೆ ಬೆಲೆಯುಂಟು, ಕೈಗೆ ಬೆಲೆ ಕಟ್ಟಲಾದೀತೆ?

ತಿರುಪಿನ ಮಹಿಮೆ

ಕಾರಿನೊಡನೆ ಕೊಡುವ ಜಾಕ್ ಸಾಮಾನ್ಯವಾಗಿ ಕತ್ತರಿಯಾಕಾರದ್ದು. ಅದರ ಜೀವಾಳವೇ ತಿರುಪು. ತಿರುಪೆಂದರೆ ಸುರುಳಿ ಸುತ್ತಿದ ಇಳಿಜಾರು. ಹಿಡಿಕೆ ದೊಡ್ಡ ಸುತ್ತು ತಿರುಗಿದಾಗ ತಿರುಪು ಸರಿಯುವುದು ಕೆಲವೇ ಮಿಲಿಮೀಟರು. ಆದ್ದರಿಂದಲೇ ನಮ್ಮ ಸಣ್ಣ ಬಲ ದೊಡ್ಡ ಭಾರವನ್ನು ಎತ್ತುತ್ತದೆ. ಜಾಕ್ ಪೂರ್ತಿ ಮಡಿಚಿಕೊಂಡಿದ್ದಾಗ ತಿರುಗಿಸುವುದು ಹೆಚ್ಚು ಕಷ್ಟ, ಮೇಲೇರಿದಂತೆ ಹಗುರ. ತೋಳುಗಳು ಮಾಡುವ ಕೋನ ಬದಲಾಗುವುದೇ ಇದಕ್ಕೆ ಕಾರಣ. ತ್ರಿಕೋನಮಿತಿ ಕಲಿಯುವ ಮಕ್ಕಳು ಇದನ್ನು ಲೆಕ್ಕ ಹಾಕಿ ನೋಡಬಹುದು.

ಘರ್ಷಣೆಯನ್ನು ನಾವು ಶತ್ರುವೆಂದೇ ಬಗೆಯುತ್ತೇವೆ. ಇಲ್ಲಿ ಅದು ಮಿತ್ರ. ನಮ್ಮ ಶ್ರಮದ ಅರ್ಧಕ್ಕಿಂತ ಹೆಚ್ಚನ್ನು ತಿರುಪಿನ ಘರ್ಷಣೆ ನುಂಗುತ್ತದೆ. ಹಾಗೆ ನುಂಗುವುದರಿಂದಲೇ ಕೈ ಬಿಟ್ಟಾಗ ತಿರುಪು ಹಿಂದಕ್ಕೆ ತಿರುಗದೆ ಕಾರು ನಿಲ್ಲುತ್ತದೆ. ಗ್ಯಾರೇಜಿನ ಹೈಡ್ರಾಲಿಕ್ ಜಾಕ್ ಪ್ಯಾಸ್ಕಲನ ನಿಯಮದಂತೆ ಎಣ್ಣೆಯ ಒತ್ತಡದಿಂದ ಎತ್ತುತ್ತದೆ. ಅದರ ವಾಷರ್ ಸೋರಿದರೆ ಕಾರು ಇಳಿಯತೊಡಗುತ್ತದೆ. ಆದ್ದರಿಂದ ಜಾಕ್ ಯಾವುದೇ ಇರಲಿ, ಅದು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಕಂಬವಲ್ಲ. ಕಾರಿನ ಅಡಿಯಲ್ಲಿ ಕೆಲಸವಿದ್ದರೆ ಉಕ್ಕಿನ ಸ್ಟ್ಯಾಂಡ್ ಬೇಕೇ ಬೇಕು.

ಎಲ್ಲಿ ಊರಬೇಕು?

ಜೀಪು, ಲಾರಿಗಳಿಗೆ ಅಡಿಯಲ್ಲಿ ದಪ್ಪ ಚಾಸಿಸ್ ಇದೆ. ಇಂದಿನ ಹೆಚ್ಚಿನ ಕಾರುಗಳಿಗೆ ಅದಿಲ್ಲ. ತಗಡಿನ ದೇಹವೇ ಅಸ್ಥಿಪಂಜರ. ಅಡಿಯ ನೆಲತಗಡು ಒಂದು ಮಿಲಿಮೀಟರಿನ ಆಸುಪಾಸು ದಪ್ಪ. ಅದಕ್ಕೆ ಜಾಕ್ ಕೊಟ್ಟರೆ ಡಬ್ಬಿಯಂತೆ ನೆಗ್ಗುತ್ತದೆ. ಎಂಜಿನ್ ಎಣ್ಣೆಯ ಸಂಪ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಕೊಳವೆ, ಬ್ರೇಕಿನ ನಳಿಗೆ – ಯಾವುದಕ್ಕೂ ಜಾಕ್ ತಾಗಕೂಡದು. ವಿದ್ಯುತ್ ಕಾರುಗಳಲ್ಲಂತೂ ಬ್ಯಾಟರಿ ಸಾಮಾನ್ಯವಾಗಿ ನೆಲದಡಿಯಲ್ಲೇ ಇರುತ್ತದೆ.

ಬಾಗಿಲುಗಳ ಕೆಳಗೆ ಎರಡು ತಗಡುಗಳನ್ನು ಬೆಸೆದ ಅಂಚು ಇರುತ್ತದೆ. ಮುಂದಿನ ಗಾಲಿಯ ಹಿಂದೆ ಮತ್ತು ಹಿಂದಿನ ಗಾಲಿಯ ಮುಂದೆ ಆ ಅಂಚಿನಲ್ಲಿ ಕಚ್ಚು ಅಥವಾ ಬಾಣದ ಗುರುತು ಇರುತ್ತದೆ. ಜಾಕ್ ಊರಲೆಂದು ಬಲಪಡಿಸಿದ ಜಾಗವದು. ಜಾಕಿನ ತಲೆಯ ಗಾಡಿಯಲ್ಲಿ ಆ ಅಂಚು ಸರಿಯಾಗಿ ಕೂರಬೇಕು. ಗುರುತು ಕಾಣದಿದ್ದರೆ ಕಾರಿನ ಕೈಪಿಡಿ ನೋಡಿ. ತಪ್ಪಿ ಬೇರೆಡೆ ಊರಿದರೆ ಅಂಚು ಮಡಿಚಿ, ಬಣ್ಣ ಕಿತ್ತು, ಮಳೆನೀರು ಸೇರಿ ತುಕ್ಕು ಹಿಡಿಯುತ್ತದೆ.

ಕ್ರಮ ತಪ್ಪಬಾರದು

ಮೊದಲು ಎಲ್ಲರೂ ಕೆಳಗಿಳಿಯಲಿ. ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಗೇರಿನಲ್ಲಿಡಿ. ಹ್ಯಾಂಡ್‌ಬ್ರೇಕ್ ಬಹುತೇಕ ಕಾರುಗಳಲ್ಲಿ ಹಿಂದಿನ ಗಾಲಿಗಳನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಎತ್ತುವ ಮೂಲೆಗೆ ಎದುರಿನ ಮೂಲೆಯ ಗಾಲಿಗೆ ಎರಡೂ ಬದಿ ಕಲ್ಲು ಆನಿಸಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಪಾನಾ ಹಿಡಿದು ಜಗ್ಗಿದರೆ ಕಾರು ಜಾಕಿನಿಂದ ಜಾರೀತು. ಸ್ಟೆಪ್ನಿಯನ್ನು ಮೊದಲೇ ಹೊರತೆಗೆದು, ಜಾಕಿನ ಪಕ್ಕದಲ್ಲಿ ಕಾರಿನ ಅಂಚಿನಡಿ ಮಲಗಿಸಿ. ಜಾಕ್ ಕೈಕೊಟ್ಟರೂ ಕಾರು ಅದರ ಮೇಲೆ ಕೂರುತ್ತದೆ. ಬಿಚ್ಚಿದ ಗಾಲಿಯನ್ನು ಅದೇ ಜಾಗಕ್ಕೆ ಸರಿಸಿ, ಆಮೇಲೆ ಸ್ಟೆಪ್ನಿ ಹಾಕಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಕಾರು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಎತ್ತಿದ ಕಾರಿನಡಿ ತಲೆ, ಕೈ, ಕಾಲು ಯಾವುದೂ ಹೋಗಕೂಡದು.

ಇದೆಲ್ಲ ಹೊಸ ಪಾಠವಲ್ಲ. ಚಕ್ಕಡಿಗೆ ಕೀಲೆಣ್ಣೆ ಹಾಕುವ ಮುನ್ನ ನಮ್ಮ ಹಿರಿಯರು ಎತ್ತು ಬಿಚ್ಚಿ, ಇನ್ನೊಂದು ಗಾಲಿಗೆ ಕಲ್ಲು ಕೊಟ್ಟು, ಗಟ್ಟಿ ನೆಲ ನೋಡಿಯೇ ಅಚ್ಚಿಗೆ ಆಸರೆ ಇಡುತ್ತಿದ್ದರು. ಒತ್ತಡದ ಸೂತ್ರ ಅವರಿಗೆ ಗೊತ್ತಿರಲಿಲ್ಲ, ಎರೆ ಗೊತ್ತಿತ್ತು.

ವಿದ್ಯಾರ್ಥಿಗಳೇ, ಹಸಿ ಎರೆಯ ಮೇಲೆ ಒಂದು ಇಟ್ಟಿಗೆಯನ್ನು ಅಡ್ಡ ಮಲಗಿಸಿ, ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ. ಸ್ವಲ್ಪ ಹೊತ್ತಿನ ಮೇಲೆ ಎರಡನ್ನೂ ತೆಗೆದು ಗುಂಡಿಯ ಆಳ ಅಳೆಯಿರಿ. ಪಾಲಕರೇ, ಮುಂದಿನ ರಜೆಯ ದಿನ ಮನೆಯಂಗಳದಲ್ಲಿ ಮಕ್ಕಳ ಎದುರು ಒಮ್ಮೆ ಗಾಲಿ ಬಿಚ್ಚಿ ಹಾಕಿ ತೋರಿಸಿ. ನನ್ನ ಕಾರಿನ ಡಿಕ್ಕಿಯಲ್ಲಿ ಈಗ ಒಂದು ಬೇವಿನ ಹಲಗೆ ಇದೆ. ತಂಗಿಯ ಮಗ ಅದರ ಮೇಲೆ ಬಣ್ಣದಲ್ಲಿ ಬರೆದಿದ್ದಾನೆ: ಬಲ ಭಾಗಿಸು ಕ್ಷೇತ್ರಫಲ.